ಕಾಯವೆಂಬ ಗ್ರಂಥಭಂಡಾರ



ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ದಾರಿಯಲ್ಲಿರುವ ಹಂಪಾಪುರದಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಒಂದು ಮನೆತನವಿದೆ. ಆ ಮನೆಯ ಹಿರಿಯರು ಲಿಂಗೈಕ್ಯರಾಗಿ ವರ್ಷ ತುಂಬಿದ ಪುಣ್ಯಸ್ಮರಣೆಗೆ ಕಳೆದ ತಿಂಗಳು ನಾವು ಹೋಗಿದ್ದೆವು. ಹೊಲದ ಅಂಚಿನ ಸಮಾಧಿಗೆ ಪೂಜೆ ಸಲ್ಲಿತು, ದಾಸೋಹ ಮುಗಿಯಿತು, ಬಂದ ನೆಂಟರು ಒಬ್ಬೊಬ್ಬರಾಗಿ ಹೊರಟರು. ಪಡಸಾಲೆಯಲ್ಲಿ ಮನೆಯವರಷ್ಟೇ ಉಳಿದಾಗ ಆ ಹಿರಿಯರ ಮಡದಿ, ಎಪ್ಪತ್ತೆಂಟರ ವೃದ್ಧೆ, ನಮ್ಮೆದುರು ಬಂದು ಕುಳಿತು ಕೇಳಿದರು: "ಅಯ್ಯನವರೇ, ಅವರು ಕೊಡುತ್ತೇನೆಂದಾಗ ತಾವು ಬೇಡವೆಂದಿರಿ. ಈಗ ನಾನು ಕೊಡುತ್ತೇನೆಂದರೆ ಏನನ್ನುವಿರಿ?"

ಈ ಪ್ರಶ್ನೆಗೆ ಹಿನ್ನೆಲೆಯೊಂದಿದೆ. ಅದರಲ್ಲಿ ನಮ್ಮ ಪಾಲೂ ಇರುವುದರಿಂದ ಮುಚ್ಚಿಡದೆ ಹೇಳಬೇಕು. ಆ ಹಿರಿಯರು ಒಂಬತ್ತು ವರ್ಷ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆಯಿಂದ ಬಳಲಿದರು. ಮೊದಲು ಬಲಗೈಯ ಬೆರಳು ನಡುಗಿತು. ಆಮೇಲೆ ನಡಿಗೆ ಕುಗ್ಗಿತು. ಕೊನೆಗೆ ಇಷ್ಟಲಿಂಗವನ್ನು ಅಂಗೈಯಲ್ಲಿ ನಿಲ್ಲಿಸಿಕೊಳ್ಳಲೂ ಮಡದಿಯ ಕೈ ಆಸರೆಯಾಗಬೇಕಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ, ಮೃತರ ಮೆದುಳನ್ನು ಮನೆಯವರ ಒಪ್ಪಿಗೆಯಿಂದ ಪಡೆದು ಸಂಶೋಧನೆಗಾಗಿ ಕಾಪಾಡುವ ಒಂದು ಭಂಡಾರ 1995ರಲ್ಲಿಯೇ ಸ್ಥಾಪನೆಯಾಗಿದೆಯೆಂದು ಮೊಮ್ಮಗಳಿಂದ ಕೇಳಿ ತಿಳಿದಿದ್ದ ಅವರು, ತಮ್ಮದನ್ನೂ ಕೊಡಬಹುದೇ ಎಂದು ನಮ್ಮನ್ನು ಕೇಳಿದ್ದರು. ಲಿಂಗ ಧರಿಸಿದ ದೇಹ ಪ್ರಸಾದಕಾಯ, ಅದು ಪೂರ್ಣವಾಗಿಯೇ ಮಣ್ಣಿಗೆ ಸಲ್ಲಬೇಕು ಎಂದು ನಾವು ಒಂದೇ ಮಾತಿನಲ್ಲಿ ಉತ್ತರಿಸಿದೆವು. "ಹಾಗೇ ಆಗಲಿ" ಎಂದರು. ಮತ್ತೆಂದೂ ಆ ಮಾತೆತ್ತಲಿಲ್ಲ.

ಅಜ್ಜಿಯ ಪ್ರಶ್ನೆಗೆ ನಾವು ಕೂಡಲೇ ಉತ್ತರ ಕೊಡಲಿಲ್ಲ. ಮೈಸೂರಿನಲ್ಲಿ ಜೀವವಿಜ್ಞಾನದ ಉನ್ನತ ವ್ಯಾಸಂಗ ಮಾಡುತ್ತಿರುವ ಆ ಮೊಮ್ಮಗಳು ಒಳಗಿನಿಂದ ತನ್ನ ಗಣಕಯಂತ್ರವನ್ನು ತಂದು ನಮ್ಮ ಮುಂದಿಟ್ಟಳು. "ತಾತ ಏಕೆ ಕೇಳಿದರೆಂದು ಒಮ್ಮೆ ನೋಡಿಬಿಡಿ, ಆಮೇಲೆ ಹೇಳಿ" ಎಂದಳು. ಆ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಅಂದು ನಾವು ಕಂಡದ್ದನ್ನೂ ಕೇಳಿದ್ದನ್ನೂ ವಾಚಕರ ಮುಂದಿಡುವುದೇ ಈ ತಿಂಗಳ ಬರಹದ ಉದ್ದೇಶ.

ವಿಷಯವನ್ನು ನಮಗೆ ತಿಳಿದ ರೀತಿಯಲ್ಲಿ ಹೇಳುತ್ತೇವೆ. ವಿದ್ಯಾರ್ಥಿದೆಸೆಯಲ್ಲಿ ಮಠದ ಗ್ರಂಥಭಂಡಾರದ ತಾಳೆಯೋಲೆ ಕಟ್ಟುಗಳನ್ನು ಬಿಚ್ಚಿ, ಧೂಳು ಕೊಡವಿ, ಎಣ್ಣೆ ಸವರುವ ಸೇವೆ ನಮ್ಮ ಪಾಲಿಗಿತ್ತು. ಒಂದು ಮಠವನ್ನು ಕಲ್ಪಿಸಿಕೊಳ್ಳೋಣ. ಅದರ ಪ್ರತಿಯೊಂದು ಕೋಣೆಯಲ್ಲಿಯೂ ಗ್ರಂಥಭಂಡಾರದ ಸಮಸ್ತ ಕಟ್ಟುಗಳ ಒಂದೊಂದು ಪೂರ್ಣ ಪ್ರತಿಯಿದೆಯೆನ್ನೋಣ. ಅಡುಗೆಮನೆಯಲ್ಲಿಯೂ ಅಷ್ಟೇ ಗ್ರಂಥಗಳು, ಪೂಜಾಗೃಹದಲ್ಲಿಯೂ ಅಷ್ಟೇ, ಲೆಕ್ಕದ ಕೋಣೆಯಲ್ಲಿಯೂ ಅಷ್ಟೇ. ಆದರೆ ಅಡುಗೆಯವನು ಬಿಚ್ಚುವುದು ಪಾಕಶಾಸ್ತ್ರದ ಕಟ್ಟನ್ನು ಮಾತ್ರ. ಲೆಕ್ಕಿಗನು ಬಿಚ್ಚುವುದು ಗಣಿತದ ಕಟ್ಟನ್ನು ಮಾತ್ರ. ಉಳಿದವು ಕಟ್ಟಿದಂತೆಯೇ ಇರುತ್ತವೆ.

ನಮ್ಮ ದೇಹವೂ ಹೀಗೆಯೇ. ಪಕ್ವವಾದ ಕೆಂಪು ರಕ್ತಕಣದಂತಹ ಕೆಲವನ್ನು ಬಿಟ್ಟರೆ, ಪ್ರತಿಯೊಂದು ಜೀವಕೋಶದಲ್ಲಿಯೂ ತಂದೆತಾಯಿಗಳಿಂದ ಬಂದ ವಂಶವಾಹಿಗಳ ಪೂರ್ಣ ಗ್ರಂಥವಿದೆ. ಅದರಲ್ಲಿ ಪ್ರೋಟೀನುಗಳನ್ನು ತಯಾರಿಸುವ ವಿಧಿಯನ್ನು ಬರೆದಿಟ್ಟ ವಂಶವಾಹಿಗಳೇ ಸುಮಾರು 20,000. ಕಣ್ಣಿನ ಕೋಶದಲ್ಲಿಯೂ ಅವೇ, ಯಕೃತ್ತಿನ ಕೋಶದಲ್ಲಿಯೂ ಅವೇ. ಹಾಗಿದ್ದೂ ಕಣ್ಣು ಕಣ್ಣಾಗಿ, ಯಕೃತ್ತು ಯಕೃತ್ತಾಗಿ ಇರುವುದು ಯಾವ ಕೋಶ ಯಾವ ಕಟ್ಟನ್ನು ಬಿಚ್ಚಿ ಓದುತ್ತದೆ ಎಂಬುದರಿಂದ. ಹೀಗೆ ಓದುವಾಗ ಕೋಶವು ಮೂಲಗ್ರಂಥವನ್ನು ಕದಲಿಸದೆ, ಬೇಕಾದ ಭಾಗದ ನಕಲನ್ನು ಆರ್‌ಎನ್‌ಎ ಎಂಬ ತುಣುಕಿನಲ್ಲಿ ಎತ್ತಿಕೊಳ್ಳುತ್ತದೆ. ಆ ನಕಲನ್ನು ನೋಡಿ ಪ್ರೋಟೀನನ್ನು ಕಟ್ಟುತ್ತದೆ. ಇದಕ್ಕೆ ವಂಶವಾಹಿಯ ಅಭಿವ್ಯಕ್ತಿ ಎಂದು ಹೆಸರು. ಗ್ರಂಥದ ಅಕ್ಷರಗಳನ್ನೆಲ್ಲ ಓದುವ ಕಾರ್ಯದ ಕರಡು 2001ರಲ್ಲಿ ಪ್ರಕಟವಾಯಿತು. ಆದರೆ ಅಕ್ಷರ ತಿಳಿದರೆ ಸಾಲದು. ಯಾವ ಕೋಣೆಯಲ್ಲಿ ಯಾವ ಗ್ರಂಥ ಬಿಚ್ಚಿದೆ, ಎಷ್ಟು ನಕಲು ಎತ್ತಿದೆ ಎಂಬುದು ತಿಳಿದಲ್ಲದೆ ಆರೋಗ್ಯವೂ ಅರ್ಥವಾಗದು, ರೋಗವೂ ಅರ್ಥವಾಗದು.

ಈ ಎಣಿಕೆಗಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2010ರಲ್ಲಿ ಜಿಟೆಕ್ಸ್ ಎಂಬ ಯೋಜನೆಯನ್ನು ಆರಂಭಿಸಿದವು. ಮರಣಾನಂತರ ಕೆಲವೇ ಗಂಟೆಗಳೊಳಗೆ, ಮನೆಯವರ ಒಪ್ಪಿಗೆ ಪಡೆದು, ದೇಹದ ನಾನಾ ಭಾಗಗಳಿಂದ ಸಣ್ಣ ಸಣ್ಣ ತುಣುಕುಗಳನ್ನು ಸಂಗ್ರಹಿಸಿದರು. 2020ರಲ್ಲಿ ಪ್ರಕಟವಾದ ಅದರ ಕೊನೆಯ ದೊಡ್ಡ ವರದಿಯ ವೇಳೆಗೆ 948 ದಾನಿಗಳಿಂದ 54 ಬಗೆಯ 17,382 ಮಾದರಿಗಳ ಎಣಿಕೆ ಮುಗಿದಿತ್ತು. ಅದರ ಫಲ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತ. ವಂಶವಾಹಿಯೊಂದರ ಹೆಸರನ್ನು ಬರೆದು ಗುಂಡಿ ಒತ್ತಿದರೆ ಸಾಕು, ಯಾವ ಅಂಗಾಂಶದಲ್ಲಿ ಅದು ಎಷ್ಟು ನುಡಿಯುತ್ತದೆಂಬುದು ಕಂಬಗಳ ಚಿತ್ರವಾಗಿ ಮೂಡುತ್ತದೆ. ಆ ಅಂಗಾಂಶದಲ್ಲಿ ಎತ್ತಿದ ಪ್ರತಿ ಹತ್ತು ಲಕ್ಷ ನಕಲುಗಳಲ್ಲಿ ಈ ವಂಶವಾಹಿಯವು ಎಷ್ಟು ಎಂಬುದೇ ಅದರ ಅಳತೆ.

ಹುಡುಗಿಯ ತಂದೆ ಸಕ್ಕರೆ ಕಾಯಿಲೆಯವರು. "ಮೊದಲು ನನ್ನದನ್ನು ತೋರಿಸು" ಎಂದು ಕುಳಿತಲ್ಲಿಂದಲೇ ಹೇಳಿದರು. ಆಕೆ ಇನ್ಸುಲಿನ್ನಿನ ವಂಶವಾಹಿಯ ಹೆಸರನ್ನು ಬರೆದಳು. ಮೇದೋಜೀರಕ ಗ್ರಂಥಿಯ ಮುಂದೆ ಕಂಬವೊಂದು ನೆಟ್ಟಗೆ ಎದ್ದಿತು. ಉಳಿದ ಅಂಗಗಳ ಸಾಲು ನೆಲಕ್ಕಂಟಿತ್ತು. ಹೃದಯ, ಚರ್ಮ, ಶ್ವಾಸಕೋಶಗಳಲ್ಲಿಯೂ ಅದೇ ವಂಶವಾಹಿಯಿದೆ. ಅಲ್ಲಿ ಅದು ಮೌನ.

ಆಮೇಲೆ ತಾತನ ಸರದಿ. ಡೋಪಮಿನ್ ಎಂಬ ರಸಾಯನವನ್ನು ತಯಾರಿಸಲು ಟೈರೋಸಿನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಬೇಕು. ಅದರ ವಂಶವಾಹಿಯನ್ನು ಕೇಳಿದಾಗ ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯಲ್ಲಿ ಎತ್ತರದ ಕಂಬ ಕಂಡಿತು. ಮೆದುಳಿನ ಭಾಗಗಳಲ್ಲಿ ಸಬ್‌ಸ್ಟ್ಯಾನ್ಷಿಯಾ ನೈಗ್ರಾ ಎಂಬಲ್ಲಿ ಅದು ಎದ್ದು ತೋರಿತು. ಲ್ಯಾಟಿನ್ ಭಾಷೆಯ ಆ ಹೆಸರಿಗೆ ಕರಿಯ ದ್ರವ್ಯ ಎಂದರ್ಥ. ಮೆದುಳಿನ ಬುಡದ ಬಳಿಯ ಆ ಕಿರಿದಾದ ಕಪ್ಪು ಪಟ್ಟಿಯ ಕೋಶಗಳು ಡೋಪಮಿನ್ ಒದಗಿಸುವುದರಿಂದಲೇ ನಮ್ಮ ಕೈಕಾಲು ನಮ್ಮ ಮಾತು ಕೇಳುತ್ತವೆ. ಆ ಕೋಶಗಳು ಒಂದೊಂದಾಗಿ ನಶಿಸುತ್ತ ಹೋಗುವುದೇ ಪಾರ್ಕಿನ್ಸನ್ ಕಾಯಿಲೆಯ ಮುಖ್ಯ ಲಕ್ಷಣ. ಸಾಕಷ್ಟು ಪಾಲು ನಷ್ಟವಾದ ಮೇಲೆಯೇ ಬೆರಳಿನ ನಡುಕ ಹೊರಗೆ ಕಾಣುತ್ತದೆ. ಪರದೆಯ ಮೇಲಿನ ಆ ಪುಟ್ಟ ಕಂಬವನ್ನು ಅಜ್ಜಿ ಬಹಳ ಹೊತ್ತು ನೋಡಿದರು. "ಇಷ್ಟೇ ಇಷ್ಟು ಜಾಗವೇ?" ಎಂದರು. ಒಂಬತ್ತು ವರ್ಷ ಅವರ ಮನೆಯನ್ನು ಅಲುಗಿಸಿದ್ದು ಅಷ್ಟೇ ಜಾಗ.

ಈ ಸಾಧನ ಒಂದೇ ಅಲ್ಲ. ಸ್ವೀಡನ್ನಿನಲ್ಲಿ ಮಾಥಿಯಾಸ್ ಉಲೇನ್ ಎಂಬ ವಿಜ್ಞಾನಿಯ ಮುಂದಾಳುತನದಲ್ಲಿ 2003ರಲ್ಲಿ ಆರಂಭವಾದ ಮಾನವ ಪ್ರೋಟೀನ್ ಅಟ್ಲಾಸ್ ಇದೆ. ಅದರಲ್ಲಿ ಅಂಗಾಂಶದ ತೆಳುವಾದ ಹಾಳೆಗಳಿಗೆ ಬಣ್ಣ ಹಾಕಿ ತೆಗೆದ ಚಿತ್ರಗಳನ್ನೇ ನೋಡಬಹುದು. ನಮಗೆ ಹೆಮ್ಮೆ ತಂದದ್ದು ನಮ್ಮ ಬೆಂಗಳೂರಿನ ಪಾಲು. ಅಲ್ಲಿನ ವೈಟ್‌ಫೀಲ್ಡಿನಲ್ಲಿ ಡಾ. ಅಖಿಲೇಶ್ ಪಾಂಡೆಯವರು 2002ರಲ್ಲಿ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯ ತರುಣ ಸಂಶೋಧಕರು, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರೊಡನೆ ಕೂಡಿ, ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು ಸಿದ್ಧಪಡಿಸಿದರು. 2014ರ ಮೇ ತಿಂಗಳಲ್ಲಿ ನೇಚರ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ವಯಸ್ಕರ 17 ಅಂಗಾಂಶಗಳು, ಭ್ರೂಣದ 7 ಅಂಗಾಂಶಗಳು, ರಕ್ತಸಂಬಂಧಿಯಾದ 6 ಬಗೆಯ ಕೋಶಗಳು, ಹೀಗೆ ಒಟ್ಟು 30 ಮಾದರಿಗಳನ್ನು ಅವರು ಪರೀಕ್ಷಿಸಿದರು. 17,294 ವಂಶವಾಹಿಗಳ ಪ್ರೋಟೀನುಗಳನ್ನು ಗುರುತಿಸಿರುವುದಾಗಿ, ಅಂದರೆ ತಿಳಿದಿದ್ದ ಒಟ್ಟು ಸಂಖ್ಯೆಯಲ್ಲಿ ಶೇಕಡ 84ರಷ್ಟನ್ನು ಕಂಡಿರುವುದಾಗಿ ವರದಿ ಮಾಡಿ, ಆ ನಕ್ಷೆಯನ್ನು ಅಂತರ್ಜಾಲದಲ್ಲಿ ಲೋಕಕ್ಕೆಲ್ಲ ತೆರೆದಿಟ್ಟರು. ಅದೇ ಸಂಚಿಕೆಯಲ್ಲಿ ಜರ್ಮನಿಯ ಮ್ಯೂನಿಕ್ ನಗರದವರ ಇನ್ನೊಂದು ಕರಡೂ ಬಂದಿತು.

ಇವೆರಡು ಬಗೆಯ ನಕ್ಷೆಗಳಿಗೆ ಒಂದು ಭೇದವಿದೆ. ಜಿಟೆಕ್ಸ್ ಎಣಿಸುವುದು ನಕಲುಗಳನ್ನು. ಬೆಂಗಳೂರಿನವರು ಹುಡುಕಿದ್ದು ಆ ನಕಲಿನಂತೆ ನಿರ್ಮಾಣವಾದ ಪ್ರೋಟೀನುಗಳನ್ನೇ. ಅಪ್ಪಣೆಯ ಪತ್ರಗಳನ್ನು ಎಣಿಸುವುದು ಒಂದು, ಅಪ್ಪಣೆಯಂತೆ ಆದ ಕೆಲಸವನ್ನು ಕಣ್ಣಾರೆ ಕಾಣುವುದು ಇನ್ನೊಂದು. ಪತ್ರಗಳು ಹೆಚ್ಚಿದ್ದೆಡೆಯಲ್ಲೆಲ್ಲ ಕೆಲಸವೂ ಅಷ್ಟೇ ಆಗಿರುತ್ತದೆಂಬ ನಿಯಮವಿಲ್ಲ. ಆದುದರಿಂದ ಎರಡನ್ನೂ ಒತ್ತಟ್ಟಿಗಿಟ್ಟು ನೋಡಬೇಕು.

ಇನ್ನೊಂದು ಮಾತು. ಅಂಗಾಂಶದ ತುಣುಕನ್ನು ಅರೆದು ಎಣಿಸುವುದೆಂದರೆ ದಾಸೋಹದ ಹುಳಿಯನ್ನು ಒಂದು ಸೌಟು ರುಚಿ ನೋಡಿದಂತೆ; ಬೇಳೆಯದೆಷ್ಟು, ಸೊಪ್ಪಿನದೆಷ್ಟು ಎಂದು ಬೇರೆಮಾಡಿ ಹೇಳಲಾಗದು. ಈಚೆಗೆ ಒಂದೊಂದು ಕೋಶವನ್ನೂ ಪ್ರತ್ಯೇಕಿಸಿ ಎಣಿಸುವ ವಿಧಾನ ಬಂದಿದೆ. 2016ರಲ್ಲಿ ಆರಂಭವಾದ ಮಾನವ ಕೋಶ ಅಟ್ಲಾಸ್ ಎಂಬ ಜಾಗತಿಕ ಪ್ರಯತ್ನ ಈ ದಾರಿಯದು. 2022ರಲ್ಲಿ ಪ್ರಕಟವಾದ ಟ್ಯಾಬುಲಾ ಸೇಪಿಯನ್ಸ್ ಎಂಬ ಸಂಗ್ರಹದಲ್ಲಿ ಕೇವಲ 15 ದಾನಿಗಳ 24 ಅಂಗಗಳಿಂದ ಸುಮಾರು ಐದು ಲಕ್ಷ ಕೋಶಗಳ ವಿವರವಿದೆ. ಹದಿನೈದೇ ಮನೆಗಳು ಕೊಟ್ಟದ್ದನ್ನು ಲೋಕವೆಲ್ಲ ಓದುತ್ತಿದೆ.

ಹಾಗೆಂದು ಕಂಡದ್ದನ್ನೆಲ್ಲ ಕಣ್ಮುಚ್ಚಿ ನಂಬಬಾರದು. 2014ರ ಆ ಎರಡು ಕರಡುಗಳನ್ನು ಸ್ಪೇನಿನ ಸಂಶೋಧಕರು ಅದೇ ವರ್ಷ ಮರುಪರಿಶೀಲಿಸಿ ಒಂದು ಸರಳವಾದ ಪ್ರಶ್ನೆ ಕೇಳಿದರು. ವಾಸನೆಯನ್ನು ಗ್ರಹಿಸುವ ಪ್ರೋಟೀನುಗಳು ನೂರಕ್ಕೂ ಹೆಚ್ಚು ದೊರೆತಿವೆಯೆಂದು ಎರಡು ಪಟ್ಟಿಗಳಲ್ಲಿಯೂ ಇದೆ. ಆದರೆ ಪರೀಕ್ಷಿಸಿದ ಅಂಗಾಂಶಗಳಲ್ಲಿ ಮೂಗಿನದೇ ಇಲ್ಲವಲ್ಲ! ಯಂತ್ರ ಗುರುತಿಸುವುದರಲ್ಲಿ ಎಡವಿರಬೇಕು, ಗುರುತಿನ ಕಟ್ಟಳೆ ಇನ್ನೂ ಬಿಗಿಯಾಗಬೇಕು ಎಂಬುದು ಅವರ ವಾದ. ಲಿಪಿಕಾರನ ಕೈತಪ್ಪನ್ನು ಪಾಠಾಂತರಗಳನ್ನು ಹೋಲಿಸಿ ತಿದ್ದುವ ಕ್ರಮ ನಮಗೆ ಹೊಸತಲ್ಲ. ಆಮೇಲಿನ ವರ್ಷಗಳಲ್ಲಿ ಕಟ್ಟಳೆಗಳು ಬಿಗಿಯಾದವು, ನಕ್ಷೆಗಳು ತಿದ್ದುಪಡಿಗೊಂಡವು. ಆಕ್ಷೇಪವನ್ನು ಕೇಳಿಸಿಕೊಂಡ ವಿದ್ಯೆಯೇ ಬೆಳೆಯುತ್ತದೆ.

ಗೃಹಸ್ಥರಿಗೂ ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳುತ್ತೇವೆ. ಈ ಸಾಧನಗಳು ಪಂಚಾಂಗವಲ್ಲ. ನಿಮಗೆ ಯಾವ ರೋಗ ಬರುವುದೆಂದು ಅವು ಹೇಳುವುದಿಲ್ಲ. ವೈದ್ಯರ ವರದಿಯಲ್ಲಿ ಕಂಡ ವಂಶವಾಹಿಯ ಹೆಸರನ್ನು ಅಲ್ಲಿ ಬರೆದು ನೋಡಿ ಮನೆಮಂದಿಯೆಲ್ಲ ಗಾಬರಿಗೊಳ್ಳುವುದು ಸಲ್ಲದು. ಬಹುಜನರಲ್ಲಿ ಸಾಮಾನ್ಯವಾಗಿ ಏನಿರುತ್ತದೆಂಬುದನ್ನು ಅವು ತೋರಿಸುತ್ತವೆ. ನಿಮ್ಮ ಮನೆಯವರ ವಿಷಯವನ್ನು ವೈದ್ಯರೇ ಹೇಳಬೇಕು.

ಇಷ್ಟನ್ನು ಕೇಳಿ ತಿಳಿಯುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು. ಅಜ್ಜಿ ಮೊಮ್ಮಗಳನ್ನು ಕೇಳಿದರು: "ಇದರಲ್ಲಿ ನಮ್ಮಂಥವರು ಎಷ್ಟು ಜನ ಇದ್ದಾರವ್ವಾ?"

ಹುಡುಗಿ ಉತ್ತರಿಸಿದಳು. ಜಿಟೆಕ್ಸ್ ದಾನಿಗಳಲ್ಲಿ ಶೇಕಡ 85ರಷ್ಟು ಮಂದಿ ಐರೋಪ್ಯ ಮೂಲದ ಅಮೆರಿಕನ್ನರು. ಏಷ್ಯಾ ಮೂಲದವರು ನೂರಕ್ಕೆ ಒಬ್ಬರೋ ಇಬ್ಬರೋ. ಹೆಂಗಸರು ಮೂರರಲ್ಲಿ ಒಂದು ಪಾಲು ಮಾತ್ರ. ಎಪ್ಪತ್ತು ದಾಟಿದವರಂತೂ ಅಪರೂಪ. ರಾಗಿಯುಂಡು, ಬಿಸಿಲಲ್ಲಿ ದುಡಿದು, ಎಪ್ಪತ್ತೆಂಟಕ್ಕೆ ಬಂದ ಹೆಗ್ಗಡದೇವನಕೋಟೆಯ ಹೆಂಗಸೊಬ್ಬಳ ಮೆದುಳಿನಲ್ಲಿ ಯಾವ ಗ್ರಂಥ ಬಿಚ್ಚಿದೆ, ಯಾವುದು ಮುಚ್ಚಿದೆ ಎಂದು ಆ ಸಾವಿರಾರು ಕಂಬಗಳಲ್ಲಿ ಒಂದೂ ನೇರವಾಗಿ ಹೇಳದು. ಮೂಲಗ್ರಂಥ ಬಹುಮಟ್ಟಿಗೆ ಎಲ್ಲರಿಗೂ ಒಂದೇ. ಆದರೆ ಓದನ್ನು ಹೆಚ್ಚು ಕಡಿಮೆ ಮಾಡುವ ಸಣ್ಣ ಪಾಠಭೇದಗಳು ಜನಸಮುದಾಯದಿಂದ ಜನಸಮುದಾಯಕ್ಕೆ ಬೇರೆಯಾಗುತ್ತವೆ. ವಯಸ್ಸು, ಆಹಾರ, ರೋಗಗಳಿಂದಲೂ ಓದು ಬದಲಾಗುತ್ತದೆ.

"ಸರ್ಕಾರದವರು ನಮ್ಮ ಜನರ ರಕ್ತ ತೆಗೆದುಕೊಂಡು ಪರೀಕ್ಷೆ ಮಾಡಿಲ್ಲವೇ?" ಎಂದು ಮಗ ಕೇಳಿದರು. ಮಾಡಿದ್ದಾರೆ. 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಮುನ್ನಡೆಸಿತು. ದೇಶದ ನಾನಾ ಸಮುದಾಯಗಳ 10,000 ಮಂದಿಯ ವಂಶವಾಹಿ ಗ್ರಂಥದ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ಒದಗಿಸಲಾಯಿತು. ಅದು ದೊಡ್ಡ ಕೆಲಸ. ಆದರೆ ರಕ್ತದಿಂದ ಗ್ರಂಥದ ಅಕ್ಷರಗಳು ತಿಳಿಯುತ್ತವೆಯೇ ಹೊರತು, ಮೆದುಳಿನ ಕರಿಯ ಪಟ್ಟಿಯಲ್ಲಿ ಯಾವ ಕಟ್ಟು ಬಿಚ್ಚಿದೆಯೆಂಬುದು ತಿಳಿಯದು. ರಕ್ತವನ್ನು ಬದುಕಿರುವಾಗ ಕೊಡಬಹುದು. ಮೆದುಳನ್ನು ಬದುಕಿರುವವರು ಕೊಡಲಾರರು. ಅದನ್ನು ಸತ್ತವರು ಕೊಡಬೇಕು. ಸತ್ತವರ ಪರವಾಗಿ ಮನೆಯವರು ಕೈಯೆತ್ತಿ ಕೊಡಬೇಕು.

ಆ ಹಿರಿಯರು ಎರಡು ವರ್ಷದ ಹಿಂದೆ ನಮ್ಮನ್ನು ಏಕೆ ಕೇಳಿದ್ದರೆಂಬುದು ನಮಗೆ ಅಂದು ಅರ್ಥವಾಯಿತು. ಅವರು ಶಾಸ್ತ್ರವನ್ನು ಕೇಳಿರಲಿಲ್ಲ. ತಮ್ಮನ್ನು ಕಾಡಿದ ನಡುಕದ ಮೂಲವನ್ನು ಯಾರಾದರೂ ಹುಡುಕಲಿ ಎಂಬ ಆಸೆಯನ್ನು ಹೇಳಿಕೊಂಡಿದ್ದರು. ನಾವು ಅವರಿಗೆ ಒಂದೇ ಒಂದು ಮರುಪ್ರಶ್ನೆಯನ್ನೂ ಹಾಕದೆ ತೀರ್ಪು ಕೊಟ್ಟೆವು. ಭಂಡಾರದವರು ಪಡೆಯುವುದು ಮೆದುಳನ್ನು ಮಾತ್ರ, ದೇಹವನ್ನು ಮನೆಯವರಿಗೆ ಹಿಂದಿರುಗಿಸುತ್ತಾರೆ, ಆಮೇಲೆ ವಿಧಿವತ್ತಾಗಿ ಕುಳ್ಳಿರಿಸಿ ಕ್ರಿಯಾಸಮಾಧಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂಬಷ್ಟನ್ನಾದರೂ ನಾವು ವಿಚಾರಿಸಬಹುದಾಗಿತ್ತು. ವಿಚಾರಿಸಲಿಲ್ಲ. ಇದನ್ನು ಆ ತಾಯಿಯ ಮುಂದೆ ಒಪ್ಪಿಕೊಂಡೆವು. ಇಲ್ಲಿ ವಾಚಕರ ಮುಂದೆಯೂ ಒಪ್ಪಿಕೊಳ್ಳುತ್ತೇವೆ.

ಪ್ರಸಾದಕಾಯವೆಂಬ ಮಾತನ್ನು ನಾವು ಇಂದಿಗೂ ಬಿಟ್ಟಿಲ್ಲ. ಆದರೆ ಪ್ರಸಾದವೆಂದ ಮೇಲೆ ಅದು ಹಂಚಿಕೊಳ್ಳುವ ವಸ್ತು. ಒಬ್ಬರೇ ಗಂಟುಕಟ್ಟಿಟ್ಟುಕೊಂಡರೆ ಅದಕ್ಕೆ ಆ ಹೆಸರು ಸಲ್ಲುವುದೇ? ನಮ್ಮ ಸಮಾಜಕ್ಕೆ ಈ ಪಾಠ ಒಮ್ಮೆ ಆಗಿದೆ. ಡಾ. ಫ.ಗು. ಹಳಕಟ್ಟಿಯವರು ವಚನಗಳ ಓಲೆಗಳನ್ನು ಅರಸಿ ಮನೆಮನೆ ಅಲೆದ ಕಾಲದಲ್ಲಿ, ಎಷ್ಟೋ ಮನೆಗಳಲ್ಲಿ ಅವು ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು, ಬಿಚ್ಚಿ ಓದುವವರಿರಲಿಲ್ಲ. ಕೊಟ್ಟ ಮನೆಗಳು ಇದ್ದುದರಿಂದಲೇ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದಿತು. ಪೂಜೆ ಮಾಡಿದವರದು ತಪ್ಪೆಂದು ನಾವು ಹೇಳುತ್ತಿಲ್ಲ. ಬಿಚ್ಚಿಕೊಟ್ಟವರಿಂದ ನಮಗೆ ಓದು ಬಂದಿತು ಎನ್ನುತ್ತಿದ್ದೇವೆ.

ಇಂತಹ ಸಂಕಲ್ಪ ಮಾಡುವ ಮನೆಗಳು ಕೆಲವು ವಿಷಯಗಳನ್ನು ಮೊದಲೇ ತಿಳಿದಿರಬೇಕು. ಮರಣಾನಂತರ ಗಂಟೆಗಳು ಕಳೆದಂತೆ ಕೋಶದೊಳಗಿನ ನಕಲುಗಳು ಶಿಥಿಲವಾಗುತ್ತವೆ; ಆದುದರಿಂದ ವಿಳಂಬ ಸಲ್ಲದು. ಹಂಪಾಪುರದಂತಹ ಊರುಗಳಿಂದ ಬೆಂಗಳೂರು ದೂರ. ಸಂಸ್ಥೆಯವರೊಡನೆ ಮುಂಚಿತವಾಗಿಯೇ ಮಾತನಾಡಿ, ಯಾರಿಗೆ ತಿಳಿಸಬೇಕು, ಸಾಧ್ಯವೇ ಅಲ್ಲವೇ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಮೈಸೂರಿನಲ್ಲಿ ವೈದ್ಯಕೀಯ ಕಾಲೇಜಿಗೆ ದೇಹವನ್ನು ಕೊಡುವುದು ಬೇರೆ. ಅದು ಮುಖ್ಯವಾಗಿ ವಿದ್ಯಾರ್ಥಿಗಳ ಅಂಗರಚನಾ ಪಾಠಕ್ಕೆ ಸಲ್ಲುತ್ತದೆ, ಅದೂ ಶ್ರೇಷ್ಠವಾದ ದಾನವೇ. ಎಲ್ಲಕ್ಕಿಂತ ಮುಖ್ಯವಾಗಿ, ಹೋಗುವವರ ಇಚ್ಛೆಯನ್ನು ಉಳಿಯುವವರು ತಿಳಿದಿರಬೇಕು. ದುಃಖದ ಗಳಿಗೆಯಲ್ಲಿ ಸಹಿ ಹಾಕಬೇಕಾದವರು ಮಕ್ಕಳು. ಅವರಿಗೆ ಮೊದಲೇ ಹೇಳದಿದ್ದರೆ ತಂದೆತಾಯಿಗಳ ಸಂಕಲ್ಪ ಕಾಗದದಲ್ಲಿಯೇ ಉಳಿಯುತ್ತದೆ. ಕೊಟ್ಟದ್ದೆಲ್ಲ ನಕ್ಷೆಯಾಗುವುದಿಲ್ಲವೆಂಬುದನ್ನೂ ತಿಳಿದು ಕೊಡಬೇಕು. ಯಾರೂ ಕೊಡದಿದ್ದರೆ ಮಾತ್ರ ಯಾವ ನಕ್ಷೆಯೂ ಆಗುವುದಿಲ್ಲ.

ಆ ಸಂಜೆ ಅಜ್ಜಿಗೆ ನಾವು ಹೇಳಿದ್ದು ಇಷ್ಟು: "ತಾಯಿ, ಅಂದು ನಾವು ತಿಳಿಯದೆ ಬೇಡವೆಂದೆವು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಕೊಡುವುದೂ ಬಿಡುವುದೂ ನಿಮ್ಮದು." ಅವರು ತಲೆಯಾಡಿಸಿ ಮಗನ ಕಡೆಗೆ ನೋಡಿದರು. ಮಗ ಏನೂ ಹೇಳದೆ ಎದ್ದು ಹಟ್ಟಿಯ ಕಡೆಗೆ ಹೋದರು. ತಂದೆ ಹೋಗಿ ವರ್ಷವಷ್ಟೇ ಆಗಿರುವಾಗ ತಾಯಿಯ ಕೊನೆಯ ಮಾತನ್ನು ಎದುರಿಗೇ ಆಡುವುದು ಮಗನಾದವನಿಗೆ ಸುಲಭವಲ್ಲ. ನಾವು ಒತ್ತಾಯಿಸಲಿಲ್ಲ, ಒತ್ತಾಯಿಸಕೂಡದು.

ಕಳೆದ ವಾರ ಮೊಮ್ಮಗಳು ದೂರವಾಣಿಯಲ್ಲಿ ಮಾತನಾಡಿದಳು. ಅಪ್ಪ ಇನ್ನೂ ಸಹಿ ಹಾಕಿಲ್ಲವಂತೆ. ಆದರೆ ಒಂದು ರಾತ್ರಿ ಊಟವಾದ ಮೇಲೆ ಅವರಾಗಿಯೇ ಅವಳನ್ನು ಕರೆದು, ತಾತನ ಆ ಕಂಬವನ್ನು ಇನ್ನೊಮ್ಮೆ ತೋರಿಸು ಎಂದರಂತೆ.